ಆಸ್ವಾಲ್ಡರಿಗೊಂದು ಇಮೇಲು

ಕಾರು ಜಖಂ ಆಗಿದ್ದು ಒಂದು ಸಿಟ್ಟು. ಅದು ನನ್ನ ಕಣ್ಣಿಗೆ ಬಿದ್ದದ್ದು ಭಾನುವಾರ ಬೆಳಿಗ್ಗೆ ಎನ್ನುವುದು ಇನ್ನೊಂದು ಸಿಟ್ಟು. ಶನಿವಾರ ಸಂಜೆ ಗ್ಯಾರೇಜಿನ ಬಾಗಿಲಲ್ಲೇ ಕಂಡಿದ್ದರೆ "ಏನ್ರೀ ಆಸ್ವಾಲ್ಡ್ ಇದು" ಎಂದು ಅಲ್ಲೇ ಕೇಳಿ ಮುಗಿಸಿಬಿಡುತ್ತಿದ್ದೆ. ಒಂದು ರಾತ್ರಿ ಕಳೆದ ಮೇಲೆ ಕೇಳಿದರೆ ಅದು ಪ್ರಶ್ನೆಯಲ್ಲ, ಆರೋಪ. ಆರೋಪ ಮಾಡಲು ನನಗೆ ಬಾಯಿ ಬರುವುದಿಲ್ಲ. ಬರೀ ಹೊಟ್ಟೆ ಉರಿಯುತ್ತದೆ.

ಫೆಬ್ರವರಿಯಲ್ಲಿ ಲಂಡನ್ನಿನ ಈ ಕ್ವೀನ್ಸ್‌ಬರಿಯ ರಸ್ತೆಗಳಿಗೆ ಹಿಮ ಕಟ್ಟದಿರಲೆಂದು ಉಪ್ಪು ಎರಚುತ್ತಾರೆ, ಕಾರು ತೊಳೆಯದಿದ್ದರೆ ಕೊಳಕು ಹಿಡಿಯುತ್ತದೆ. ನಾನು ಚಳಿಗೆ ಹೆದರಿ ತಿಂಗಳುಗಳಿಂದ ತೊಳೆದಿರಲಿಲ್ಲ. ಬಕೆಟ್ಟು ಹಿಡಿದು ಬಗ್ಗಿದಾಗ ಕಂಡಿತು. ಎಡಗಡೆ ಹಿಂಬಾಗಿಲಿನ ಕೆಳಗೆ ಕಾರಿನ ಉದ್ದಕ್ಕೂ ಒಂದು ತಗಡಿನ ಅಂಚು ಹೋಗುತ್ತದಲ್ಲ, ಇಲ್ಲಿಯವರು ಸಿಲ್ ಎನ್ನುತ್ತಾರೆ, ಅದು ಗೇಣುದ್ದ ಒಳಕ್ಕೆ ಮಡಚಿಕೊಂಡಿತ್ತು. ಬಣ್ಣ ಒಡೆದಿತ್ತು. ಬಾಗಿಲು ತೆಗೆದರೆ ಕರ್ ಎಂದು ಉಜ್ಜುತ್ತಿತ್ತು. ಒಡೆದ ಬಣ್ಣದ ಒಳಗೆ ತಗಡು ಬೆಳ್ಳಗಿತ್ತೋ, ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತೋ, ಆಮೇಲೆ ನೂರು ಸಲ ಕಣ್ಣು ಮುಚ್ಚಿ ಯೋಚಿಸಿದರೂ ನೆನಪಿಗೆ ಬರಲಿಲ್ಲ.

ನನ್ನ ಹೆಂಡತಿ ವಿಜಯಾ, ಆಸ್ಪತ್ರೆಯ ಪಾಳಿಗೆ ಹೊರಟವಳು, ಬಗ್ಗಿ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

"ಜಾಕ್ ಕೊಡೋ ಜಾಗದಲ್ಲಿ ಕೊಟ್ಟಿಲ್ಲ ಅವ್ರು. ನಿನ್ನೆ ಬ್ರೇಕ್ ಪ್ಯಾಡ್ ಹಾಕಕ್ಕೆ ಎತ್ತಿದ್ರಲ್ಲ, ಆವಾಗ ಆಗಿರೋದು. ಫೋಟೋ ತೆಗೀರಿ ಮೊದ್ಲು."

"ಫೋಟೋನಾ? ಅವ್ರ ಮೇಲೇನು ಪೊಲೀಸ್ ಕೇಸ್ ಹಾಕ್ತೀವೇನೇ?"

"ಸರಿ, ಆರತಿ ಎತ್ತಿ," ಎಂದು ಅವಳು ಬಸ್ ಸ್ಟಾಪಿನ ಕಡೆ ಹೊರಟುಹೋದಳು.

ಆಸ್ವಾಲ್ಡ್ ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಹನಿಪಾಟ್ ಲೇನಿನ ಹಿಂದಿನ ಶೆಡ್ಡುಗಳ ಸಾಲಿನಲ್ಲಿ ಅವರ ಗ್ಯಾರೇಜಿದೆ. ಹೆಂಡತಿ ಅನ್ನೆಟ್ ಮುಂದಿನ ಗಾಜಿನ ಕೋಣೆಯಲ್ಲಿ ಕೂತು ಫೋನು, ಕಂಪ್ಯೂಟರು, ಬಿಲ್ಲು ನೋಡಿಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ, ಕಾರಿಗೆ ಕಾಯಿಲೆ ಇದ್ದಾಗಲೂ, ಇಲ್ಲದಾಗಲೂ. ಶನಿವಾರ ಹೋಗಿ ಒಂದು ಗಂಟೆ ಕೂರುತ್ತೇನೆ. ಅವರು ಯಾವುದೋ ಗಾಡಿಯ ಕೆಳಗಿನಿಂದಲೇ ನನಗೆ ಬೈಯುತ್ತಾರೆ.

"ಎಂತ ಮಾರಾಯ್ರೆ, ಇದು ಟಯರಾ, ದೋಸೆ ಕಾವಲಿಯಾ? ಇಷ್ಟು ನುಣ್ಣಗಾಗುವವರೆಗೆ ಓಡಿಸ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು?"

ಇಡೀ ಲಂಡನ್ನಿನಲ್ಲಿ ನನಗೆ ಕನ್ನಡದಲ್ಲಿ ಬೈಯುವವರು ಅವರೊಬ್ಬರೇ. ವಿಜಯಾ ಬೈಯುತ್ತಾಳೆ, ಅದು ಲೆಕ್ಕಕ್ಕಿಲ್ಲ. ಮಗಳು ಸ್ಮೃತಿ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬೈಯುತ್ತಾಳೆ. ಆಫೀಸಿನಲ್ಲಂತೂ ಯಾರೂ ಬೈಯುವುದಿಲ್ಲ, ಫೀಡ್‌ಬ್ಯಾಕ್ ಕೊಡುತ್ತಾರೆ. ಶನಿವಾರದ ಆ ಗಂಟೆ ತಪ್ಪಿದರೆ ವಾರವೆಲ್ಲ ನಾಲಿಗೆ ಯಾರದೋ ಬಾಯಿಯಲ್ಲಿ ಬಾಡಿಗೆಗೆ ಇದ್ದ ಹಾಗಿರುತ್ತದೆ. ಒಂದು ತಗಡಿನ ತುಂಡಿಗಾಗಿ ಅದನ್ನು ಕಳೆದುಕೊಳ್ಳುವುದೇ? ಈ ಭಯವೇ ಮುಂದಿನ ರಗಳೆಗೆಲ್ಲ ಕಾರಣ.

ಇನ್ನೊಂದು ವಿಷಯವನ್ನೂ ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಕಾರು ಒಳಗೆ ಬಿಡುವ ಮುಂಚೆ ಅನ್ನೆಟ್ ಒಂದು ಹಾಳೆ ಹಿಡಿದು ಬರುತ್ತಾರೆ. ಅದರಲ್ಲಿ ಕಾರಿನ ನಾಲ್ಕೂ ಕಡೆಯ ಚಿತ್ರ ಇರುತ್ತದೆ. ಎಲ್ಲಿ ಗೀರು, ಎಲ್ಲಿ ತಗ್ಗು ಎಂದು ಸುತ್ತ ನೋಡಿ ಗುರುತು ಹಾಕಿ, ಗಿರಾಕಿಯ ಸಹಿ ತೆಗೆದುಕೊಳ್ಳುವುದು ಇಲ್ಲಿಯ ಪದ್ಧತಿ. ಒಂಬತ್ತು ವರ್ಷವೂ ನಾನು ಆ ಹಾಳೆಯನ್ನು ಕೈಯಲ್ಲಿ ತಳ್ಳಿ, "ಅಯ್ಯೋ, ನಮ್ ನಮ್ಮಲ್ಲಿ ಇದೆಲ್ಲ ಯಾಕ್ರೀ ಅನ್ನೆಟ್?" ಎಂದಿದ್ದೇನೆ, ದೊಡ್ಡಮನುಷ್ಯನ ಹಾಗೆ. ನನ್ನ ಉದ್ಯೋಗ ಏನು ಗೊತ್ತೇ? ಬ್ಯಾಂಕೊಂದರಲ್ಲಿ ಆಡಿಟರು. ಸಹಿಯಿಲ್ಲದ ಒಂದು ಹಾಳೆ ಸಿಕ್ಕರೆ ಮೂರು ಇಲಾಖೆಯವರನ್ನು ಸಾಲಾಗಿ ನಿಲ್ಲಿಸಿ ಬೆವರಿಳಿಸುವವನು ನಾನು.

ಮುಂದಿನ ಶನಿವಾರ ಕೇಳಿಯೇಬಿಡುವುದು ಎಂದು ಹೊರಟೆ. ದಾರಿಯುದ್ದಕ್ಕೂ ಮಾತನ್ನು ಉರು ಹೊಡೆದೆ. "ಆಸ್ವಾಲ್ಡ್, ತಪ್ಪು ತಿಳ್ಕೋಬೇಡಿ, ಒಂದ್ ಸಣ್ಣ ವಿಷಯ." ಅಷ್ಟೇ. ಇದರಲ್ಲೇನು ಕಷ್ಟ? ಗ್ಯಾರೇಜಿನೊಳಗೆ ಕಾಲಿಟ್ಟೆ.

"ಬನ್ನಿ ಬನ್ನಿ, ಬ್ರೇಕ್ ಹೇಗುಂಟು ಈಗ?"

"ಫಸ್ಟ್ ಕ್ಲಾಸ್ ಆಗಿದೆ!" ಎಂದೆ.

ಏಕೆ ಹಾಗೆಂದೆನೋ ದೇವರಿಗೇ ಗೊತ್ತು. ಒಮ್ಮೆ ಹೊಗಳಿದ ಮೇಲೆ ಅದೇ ಬಾಯಲ್ಲಿ ದೂರುವುದು ಹೇಗೆ? ಚಹಾ ಬಂತು. ಅನ್ನೆಟ್ ಅವರ ತಂಗಿ ಊರಿನಿಂದ ಹಲಸಿನ ಹಪ್ಪಳ ತಂದಿದ್ದರಂತೆ, ಒಂದು ಕಟ್ಟು ನನ್ನ ಕೈಗೂ ಬಂತು. ಮನೆಗೆ ಬಂದಾಗ ವಿಜಯಾ ಹಪ್ಪಳದ ಕಟ್ಟನ್ನೂ ನನ್ನ ಮುಖವನ್ನೂ ನೋಡಿದಳು.

"ಕೇಳಿದ್ರಾ?"

"ಕೇಳೋ ಸಂದರ್ಭ ಬರ್ಲಿಲ್ಲ."

"ಹಪ್ಪಳ ಇಸ್ಕೊಳೋ ಸಂದರ್ಭ ಮಾತ್ರ ಬಂತು!"

ಎರಡನೆಯ ಶನಿವಾರ ಬುದ್ಧಿವಂತಿಕೆ ಮಾಡಿದೆ. ನಾನು ಹೇಳುವುದೇ ಬೇಡ, ಅವರೇ ನೋಡಲಿ ಎಂದು ಕಾರಿನ ಎಡಗಡೆ ಗಾಜಿನ ಕೋಣೆಗೆ ಕಾಣುವಂತೆ ಅಡ್ಡಡ್ಡ ನಿಲ್ಲಿಸಿದೆ. ಆಸ್ವಾಲ್ಡ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಈಗ ನೋಡುತ್ತಾರೆ, ಈಗ ನೋಡುತ್ತಾರೆ ಎಂದು ಉಸಿರು ಬಿಗಿಹಿಡಿದೆ. ಅವರು ನೇರವಾಗಿ ಬಲಗಡೆಗೆ ಹೋಗಿ ಮುಂದಿನ ದೀಪಕ್ಕೆ ಬಡಿದರು.

"ಇದು ಹೊತ್ತುದಿಲ್ಲ, ಗೊತ್ತುಂಟಾ ನಿಮ್ಗೆ? ಒಂದು ಕಣ್ಣಲ್ಲಿ ಲಂಡನ್ ಸುತ್ತುದಾ? ಪೊಲೀಸ್ ಹಿಡಿದ್ರೆ ನನ್ನ ಹೆಸ್ರು ಹೇಳ್ಬೇಡಿ ಮತ್ತೆ!"

ಎರಡು ನಿಮಿಷದಲ್ಲಿ ಬಲ್ಬು ಬದಲಾಯಿಸಿದರು. ದುಡ್ಡು ಬೇಡವೆಂದರು. ನಾನು ಥ್ಯಾಂಕ್ಸ್ ಹೇಳಿ, ಮಡಚಿದ ಸಿಲ್ಲನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಅವರ ಮೇಲೋ, ನನ್ನ ಮೇಲೋ, ಆ ಬಲ್ಬಿನ ಮೇಲೋ ತಿಳಿಯಲಿಲ್ಲ.

ಮರುದಿನ ಫೋನು ಮಾಡಿದೆ. ಮುಖ ಕಾಣದಿದ್ದರೆ ಸುಲಭವಾದೀತು ಎಂದು. "ಓ, ಈಗ ನಿಮ್ಮದೇ ಮಾತು ತೆಗ್ದದ್ದು ನಾವು," ಎಂದರು ಆಸ್ವಾಲ್ಡ್. ಅಲ್ಲಿಗೆ ಮುಗಿಯಿತು. ಇಪ್ಪತ್ತು ನಿಮಿಷ ಉಡುಪಿಯ ಸೆಕೆಯ ವಿಷಯ ಮಾತಾಡಿ ಫೋನಿಟ್ಟೆ.

"ನೀವು ಆಫೀಸಲ್ಲಿ ಜನಗಳ ಬೆವರಿಳಿಸ್ತೀರಿ," ಎಂದಳು ವಿಜಯಾ. ಅವಳ ತಾಳ್ಮೆ ತೀರಿತ್ತು. "ಇಲ್ಲಿ ಒಂದ್ ಮಾತು ಕೇಳಕ್ಕಾಗಲ್ವಾ? ಮುಂದಿನ ತಿಂಗಳು ಕಾರಿಗೆ ವರ್ಷದ ಎಂಓಟಿ ಪರೀಕ್ಷೆ ಇದೆ, ಈ ಸಿಲ್ ನೋಡಿ ಫೇಲ್ ಮಾಡಿದ್ರೆ ಬೆಳಗ್ಗೆ ಐದರ ಪಾಳಿಗೂ ನಾನು ಬಸ್ಸಲ್ಲೇ ಹೋಗ್ಬೇಕಾ?"

"ಡ್ಯಾಡ್, ಜಸ್ಟ್ ಇಮೇಲ್ ದೆಮ್," ಎಂದಳು ಸ್ಮೃತಿ, ಮೊಬೈಲಿನಿಂದ ತಲೆಯೆತ್ತದೆ.

ಹದಿನಾರು ವರ್ಷದ ಹುಡುಗಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ, ಊಟದ ಸಮಯದಲ್ಲಿ, ಕೂತು ಬರೆದೆ. ಹನ್ನೊಂದು ನಿಮಿಷ ಹಿಡಿಯಿತು. ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಇಂಗ್ಲಿಷಿನಲ್ಲಿ ಒಂದು ತಡೆಯೂ ಇಲ್ಲದೆ ಹರಿಯಿತು. ಈ ವಿಷಯವನ್ನು ಔಪಚಾರಿಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ. ವಾಹನವು ತಮ್ಮ ವಶದಲ್ಲಿದ್ದಾಗ ತಕ್ಕ ಎಚ್ಚರ ವಹಿಸಿಲ್ಲವೆಂದು ನಂಬಲು ಕಾರಣವಿದೆ. ಹದಿನಾಲ್ಕು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಕಾನೂನು ಕ್ರಮದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ. ಪ್ಯಾರಾಗಳಿಗೆ ನಂಬರು ಬೇರೆ ಹಾಕಿದೆ. ಮೇಲೆ "ಡಿಯರ್ ಸರ್ ಆರ್ ಮೇಡಂ", ಅನ್ನೆಟ್ ಮತ್ತು ಆಸ್ವಾಲ್ಡ್ ಬಿಟ್ಟರೆ ಮೂರನೆಯವರು ನೋಡದ ವಿಳಾಸಕ್ಕೆ!

ಕಳಿಸಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಸ್ಯಾಂಡ್‌ವಿಚ್ಚು ಕೂಡ ಅಂದು ರುಚಿಯಾಗಿತ್ತು.

ಮರುದಿನ ಒಂಬತ್ತು ಗಂಟೆ ಐದು ನಿಮಿಷಕ್ಕೆ ಉತ್ತರ ಬಂತು. "ಡಿಯರ್ ಮಿಸ್ಟರ್ ವಿನಾಯಕ." ತಮ್ಮ ಪತ್ರಕ್ಕೆ ಧನ್ಯವಾದಗಳು. ವಾಹನವನ್ನು ಶನಿವಾರ ಹತ್ತೂವರೆಗೆ ತಪಾಸಣೆಗೆ ತರಬೇಕಾಗಿ ವಿನಂತಿ. ಕೆಳಗೆ ಅನ್ನೆಟ್ ಅವರ ಪೂರ್ತಿ ಹೆಸರು. ಒಂಬತ್ತು ವರ್ಷದಲ್ಲಿ ಅವರ ಪೂರ್ತಿ ಹೆಸರೇ ನನಗೆ ಗೊತ್ತಿರಲಿಲ್ಲ.

ಶನಿವಾರ ಹೋದೆ. ಆಸ್ವಾಲ್ಡ್ ಒಗೆದ ಅಂಗಿ ತೊಟ್ಟು ನಿಂತಿದ್ದರು.

"ಗುಡ್ ಮಾರ್ನಿಂಗ್, ಸರ್."

ಸರ್! ಅನ್ನೆಟ್ ಹಾಳೆ ಹಿಡಿದು ಬಂದರು. ಈ ಸಲ ನನ್ನನ್ನು ಕೇಳಲೇ ಇಲ್ಲ. ಕಾರಿನ ಸುತ್ತ ನಡೆದು, ಒಂದೊಂದು ಗೀರನ್ನೂ ಗುರುತು ಹಾಕಿ, ಮೊಬೈಲಿನಲ್ಲಿ ಹನ್ನೆರಡು ಫೋಟೋ ತೆಗೆದು, ಸಹಿ ಮಾಡುವ ಜಾಗ ಬೆರಳಿನಲ್ಲಿ ತೋರಿಸಿದರು. ಮಾಡಿದೆ. ಕಣ್ಣೆತ್ತಿ ಅವರನ್ನು ನೋಡುವ ಧೈರ್ಯವಾಗಲಿಲ್ಲ.

ಕಾರನ್ನು ಮೇಲೆತ್ತಿ ಆಸ್ವಾಲ್ಡ್ ಟಾರ್ಚು ಬಿಟ್ಟರು. ಮಡಚಿದ ಸಂದಿನೊಳಗೆಲ್ಲ ತುಕ್ಕು. ಅವರು ಇಂಗ್ಲಿಷಿನಲ್ಲಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ, ನಿಧಾನವಾಗಿ ವಿವರಿಸಿದರು. ರಸ್ತೆಗೆ ಉಪ್ಪು ಹಾಕುವ ಕಾಲ, ಉಪ್ಪು ತಾಗಿದರೆ ತಗಡಿಗೆ ಬೇಗ ತುಕ್ಕು, ಈ ತುಕ್ಕು ಮೂರು ವಾರದ್ದೂ ಆಗಿರಬಹುದು, ಮೂರು ತಿಂಗಳದ್ದೂ ಆಗಿರಬಹುದು. ಮರುದಿನವೇ ತಂದಿದ್ದರೆ ನೋಡಿದ ಕೂಡಲೇ ಹೇಳಬಹುದಿತ್ತು. ಕಾರನ್ನು ಜಾಕ್ ಕೊಟ್ಟು ಎತ್ತಿದ್ದು ತಾವೇ, ತಮ್ಮಿಂದ ಆಗಿಲ್ಲವೆಂದು ಹೇಳುವುದಿಲ್ಲ. ಆದರೆ ನವೆಂಬರಿನಲ್ಲಿ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಪಂಕ್ಚರ್ ಆದಾಗ ಚಕ್ರ ಬದಲಾಯಿಸಿದ್ದು ಯಾರು?

ನನಗೆ ಆಗ ನೆನಪಾಯಿತು. ಅಂದು ಕಾರಿನಲ್ಲಿದ್ದವಳು ವಿಜಯಾ. ಮಳೆಯಲ್ಲಿ ಯಾರೋ ಬ್ರೇಕ್‌ಡೌನ್ ವ್ಯಾನಿನವನು ಬಂದು ಚಕ್ರ ಹಾಕಿ ಹೋಗಿದ್ದ. ಅದೂ ಎಡಗಡೆಯ ಹಿಂದಿನ ಚಕ್ರ. ಕೇಳಲು ನಾಚಿ ನಾಚಿ ಮೂರು ವಾರ ತಳ್ಳಿದೆನಲ್ಲ, ಅಷ್ಟರಲ್ಲಿ ತುಕ್ಕು ಬಂದು ಇದ್ದ ಒಂದು ಸಾಕ್ಷಿಯನ್ನೂ ತಿಂದು ಕೂತಿತ್ತು. ಈಗ ಯಾರು ಮಾಡಿದ್ದೆಂದು ಬ್ರಹ್ಮನೂ ಹೇಳಲಾರ.

"ಅದು ಹಂಗಲ್ಲ ಆಸ್ವಾಲ್ಡ್, ನಾನ್ ಹೇಳಿದ್ದು ಏನಂದ್ರೆ..."

"ಐ ಅಂಡರ್‌ಸ್ಟ್ಯಾಂಡ್, ಸರ್. ಲೀವ್ ಇಟ್ ವಿತ್ ಅಸ್ ಟಿಲ್ ಟ್ಯೂಸ್‌ಡೇ."

ನಾನು ಕನ್ನಡದಲ್ಲಿ ಅಂದದ್ದಕ್ಕೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಮನೆಯವರೆಗೆ ನಡೆದುಕೊಂಡೇ ಬಂದೆ. ದಾರಿಯಲ್ಲಿ ಎಷ್ಟು ಬೇಜಾರಾಯಿತೆಂದರೆ, ಅಂಗಡಿಯವನು ಕೊತ್ತಂಬರಿ ಸೊಪ್ಪು ಬಾಡಿದ್ದು ಕೊಟ್ಟರೂ ಸುಮ್ಮನೆ ತೆಗೆದುಕೊಂಡೆ.

"ಏನಂದ್ರು?" ಎಂದಳು ವಿಜಯಾ.

"ಸರ್ ಅಂದ್ರು."

"ಅಷ್ಟು ಖಾರವಾಗಿ ಬರೆದ್ರಾ?" ಎಂದು ಕೇಳಿದಳು. ಮೊಬೈಲು ಕೊಟ್ಟೆ. ಓದಿ ಮುಗಿಸಿ ತಲೆ ಮೇಲೆ ಕೈಯಿಟ್ಟುಕೊಂಡಳು. "ರೀ, ಇದನ್ನ ನನ್ ಅಪ್ಪನಿಗೆ ಯಾರಾದ್ರೂ ಬರೆದಿದ್ರೆ ಮೂರ್ ದಿನ ಊಟ ಮಾಡ್ತಿರ್ಲಿಲ್ಲ. ಕೇಳಿ ಅಂದೆ ನಾನು. ನೋಟಿಸ್ ಕೊಡಿ ಅನ್ಲಿಲ್ಲ."

ಮಂಗಳವಾರ ಮನೆಯಿಂದಲೇ ಕೆಲಸ. ನಾಲ್ಕು ಗಂಟೆಗೆ ಹೋದೆ. ಕಾರು ಹೊರಗೆ ನಿಂತಿತ್ತು. ಬಗ್ಗಿ ನೋಡಿದರೆ ಸಿಲ್ಲು ಎಲ್ಲಿ ಮಡಚಿತ್ತೆಂದು ನನಗೇ ಗುರುತು ಸಿಗಲಿಲ್ಲ. ಬಣ್ಣ ಕೂಡ ಅದೇ ನೀಲಿ. ಬಾಗಿಲು ಸದ್ದಿಲ್ಲದೆ ತೆರೆಯಿತು. ಅಷ್ಟು ಚೆನ್ನಾಗಿ ಮಾಡಿದ್ದು ನೋಡಿ ಸಮಾಧಾನವಾಗುವ ಬದಲು ಇನ್ನಷ್ಟು ಸಿಟ್ಟು ಬಂತು. ಏನಾದರೊಂದು ಕೊರತೆ ಬಿಟ್ಟಿದ್ದರೆ ಅದನ್ನೇ ಹಿಡಿದು ಮಾತು ತೆಗೆಯಬಹುದಿತ್ತು.

ಗಾಜಿನ ಕೋಣೆಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಪೇಪರು ಓದುತ್ತಿದ್ದ ಒಬ್ಬ ಗುಜರಾತಿ ಮುದುಕರು ಮತ್ತು ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡಿದ್ದ ಒಬ್ಬ ಹೆಂಗಸು. ಅನ್ನೆಟ್ ಕೀಲಿಯನ್ನೂ ಬಿಲ್ಲನ್ನೂ ಒಟ್ಟಿಗೆ ಮುಂದೆ ಸರಿಸಿದರು. ಆಸ್ವಾಲ್ಡ್ ಅವರ ಹಿಂದೆ ಕೈಕಟ್ಟಿ ನಿಂತಿದ್ದರು. ಬಿಲ್ಲು ನೋಡಿದೆ. ಕೆಲಸದ ವಿವರ ನಾಲ್ಕು ಸಾಲು. ಕೊನೆಗೆ ಸೊನ್ನೆ. ಸೊನ್ನೆಯ ಪಕ್ಕದಲ್ಲಿ ಅಚ್ಚಾಗಿತ್ತು, ಗುಡ್‌ವಿಲ್ ಜೆಸ್ಚರ್, ಅಂದರೆ ಸೌಜನ್ಯಕ್ಕಾಗಿ ಪುಕ್ಕಟೆ.

ಈ ಮಾತಿನ ಅರ್ಥ ನನ್ನಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಾರದು. ನಮ್ಮ ಬ್ಯಾಂಕಿನಿಂದ ದಿನಕ್ಕೆ ಹತ್ತಾರು ಕಾಗದ ಈ ಮಾತು ಹೊತ್ತು ಹೋಗುತ್ತವೆ. ಯಾರ ಜೊತೆ ಇನ್ನು ಯಾವ ಸಂಬಂಧವೂ ಬೇಡವೋ ಅವರಿಗೆ ಬರೆಯುವ ಮಾತದು. ಇದನ್ನು ಹಿಡಿದುಕೊಂಡು ಹೋಗು, ಮತ್ತೆ ಬರಬೇಡ ಎಂದು ಅರ್ಥ.

ನನ್ನ ತಲೆ ಕೆಟ್ಟಿತು.

"ಏನ್ರೀ ಇದು ಆಸ್ವಾಲ್ಡ್?" ಎಂದೆ. ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಗುಡ್‌ವಿಲ್ಲು? ಯಾರಿಗ್ರೀ ಬರೀತಿದೀರಾ ಇದನ್ನ? ನನ್ ಕಾರ್ ಮಡಚಿದ್ದು ನೀವೇ ಕಣ್ರೀ! ಮಾತಾಡ್ತಾ ಮಾತಾಡ್ತಾ ಜಾಕನ್ನ ಎರಡಿಂಚು ಆಚೆಗೆ ಕೊಟ್ಟಿದೀರಾ. ಪಕ್ಕದಲ್ಲಿ ಕೂತು ನಿಮ್ ತಲೆ ತಿಂತಿದ್ದೋನು ನಾನೇ. ಒಪ್ಕೊಳ್ಳಿ! ಇಲ್ಲಾಂದ್ರೆ ನನ್ನ ಬೈರಿ! ಈ ಸರ್ ಗಿರ್ ಎಲ್ಲ ನಂಗ್ ಬೇಡ!"

ಮುದುಕರು ಪೇಪರು ಕೆಳಗಿಳಿಸಿದರು. "ಸರ್, ಪ್ಲೀಸ್," ಎಂದರು ಅನ್ನೆಟ್. ಆಸ್ವಾಲ್ಡ್ ನನ್ನನ್ನೇ ನೋಡುತ್ತಿದ್ದರು. ಈಗ ಇಂಗ್ಲಿಷಿನಲ್ಲಿ ಸಾರಿ ಎನ್ನುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ನಿಜವಾಗಿಯೂ ಭಯವಾಯಿತು.

ಅವರು ಹೆಗಲ ಮೇಲಿದ್ದ ಬಟ್ಟೆಯನ್ನು ತೆಗೆದು ಮೇಜಿನ ಮೇಲೆ ಬಡಿದರು.

"ಒಪ್ಪಿಕೊಳ್ಲಿಕ್ಕೆ ನಾನೆಂತ ಕಳ್ಳನಾ? ಹಾಂ? ಒಂಬತ್ತು ವರ್ಷ ಮಾರಾಯ್ರೆ! ಒಂಬತ್ತು ವರ್ಷ ಇಲ್ಲಿ ಚಾ ಕುಡ್ದು, ಎರಡು ಶನಿವಾರ ನನ್ನ ಎದುರು ಕೂತು ಹಲ್ಲು ಕಿಸ್ದು, ಮತ್ತೆ ಹೋಗಿ ಲಾಯರ್ ಕಾಗದ ಬರಿಯುದಾ? ಅನ್ನೆಟ್ ಅದನ್ನು ನನಗೆ ಓದಿ ಹೇಳುವಾಗ ಅವಳ ಸ್ವರ ನಡುಗ್ತಾ ಇತ್ತು, ಗೊತ್ತುಂಟಾ ನಿಮ್ಗೆ? ಗ್ಯಾರೇಜು ಹೋಯ್ತು, ಕೋರ್ಟಿಗೆ ಹೋಗ್ಬೇಕು ಅಂತ ರಾತ್ರಿ ಮಲಗ್ಲಿಲ್ಲ ಅವಳು!"

"ಎದ್ರಿಗೆ ಹೇಳಕ್ಕೆ ಆಗ್ಲಿಲ್ಲ ಕಣ್ರೀ ನಂಗೆ!"

"ಎಂತಕ್ಕೆ ಆಗುದಿಲ್ಲ? ಬಾಯಿ ಇಲ್ವಾ?"

"ನೀವು ಬೇಜಾರ್ ಮಾಡ್ಕೋತೀರಾ ಅಂತ!"

"ಮತ್ತೆ ಈಗ ನಾನೆಂತ, ಖುಷಿಯಲ್ಲಿ ಕುಣಿತಾ ಇದ್ದೇನಾ?"

ಅನ್ನೆಟ್ ಕಡೆ ತಿರುಗಿ, "ತಪ್ಪಾಯ್ತು ಅನ್ನೆಟ್, ನಿಮಗೆ ಹಾಗೆ ಬರೀಬಾರ್ದಿತ್ತು," ಎಂದೆ. ಅವರು ನನ್ನ ಕೈಯಲ್ಲಿದ್ದ ಬಿಲ್ಲನ್ನು ಮೆಲ್ಲಗೆ ಎಳೆದುಕೊಂಡು, ಎರಡಾಗಿ ಹರಿದು, ಕಸದ ಬುಟ್ಟಿಗೆ ಹಾಕಿದರು.

"ಆದ್ರೆ ಜಾಕ್ ಮಾತ್ರ ನೀವು ಸರಿಯಾಗಿ ಕೊಟ್ಟಿಲ್ಲ," ಎಂದೆ ಆಸ್ವಾಲ್ಡರಿಗೆ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಸರಿಯಾಗೇ ಕೊಟ್ಟದ್ದು! ಮೂವತ್ತು ವರ್ಷ ಆಯ್ತು ಜಾಕ್ ಕೊಡ್ಲಿಕ್ಕೆ ಸುರು ಮಾಡಿ. ಅದು ನವೆಂಬರದ್ದು."

"ನವೆಂಬರಿಂದ ಬಾಗಿಲು ಕರ್ ಅಂತಿದ್ರೆ ನನ್ ಹೆಂಡ್ತಿ ಸುಮ್ನೆ ಇರ್ತಿದ್ಲಾ?"

"ನಿಮ್ಮ ಹಿಂದಿನ ಬಾಗಿಲು ಯಾರು ತೆಗಿತಾರೆ ಮಾರಾಯ್ರೆ? ಮಗಳು ಮುಂದೆ ಕೂರುದು, ಹಿಂದೆ ಅಕ್ಕಿ ಮೂಟೆ! ಅಕ್ಕಿ ಎಂತ ಕಂಪ್ಲೇಂಟ್ ಹೇಳ್ತದಾ?"

"ಅಕ್ಕಿ ವಿಷಯ ಬಿಡಿ ನೀವು! ಮೊನ್ನೆ ಆ ಜಾಕಿನ ರಬ್ಬರ್ ಸವೆದಿದೆ ಅಂತ ನೀವೇ ಹೇಳಿರ್ಲಿಲ್ವಾ?"

"ಅದು ಬೇರೆ ಜಾಕು!"

ಮಗುವಿನ ತಾಯಿ ತಳ್ಳುಗಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಏನು ನಡೆಯುತ್ತಿದೆ, ಪೊಲೀಸರನ್ನು ಕರೆಯಬೇಕೇ ಎಂದು ಅನ್ನೆಟ್ ಅವರನ್ನು ಇಂಗ್ಲಿಷಿನಲ್ಲಿ ಕೇಳಿದಳು. ಆಸ್ವಾಲ್ಡ್ ಮೇಜು ಗುದ್ದುತ್ತಿದ್ದರು, ನಾನು ಅವರಿಗಿಂತ ಜೋರಾಗಿ ಕೂಗುತ್ತಿದ್ದೆ. ಅದರ ನಡುವೆಯೂ ಅನ್ನೆಟ್ ಕೊಟ್ಟ ಉತ್ತರ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏನೂ ಇಲ್ಲ, ಮೂರು ವಾರದ ಮೇಲೆ ಈಗಷ್ಟೇ ಮಾತು ಶುರು ಮಾಡಿದ್ದಾರೆ."